ಬೆನ್ನಿಗೊಂದು ಖೋ

ಕಡೂರಿನಿಂದ ತರೀಕೆರೆ ಮೇಲೆ ಅಜ್ಜಂಪುರಕ್ಕೆ ಹೋಗಿಬರುವ ಬಸ್ಸಿನ ಕಂಡಕ್ಟರ್ ವನಜಾಕ್ಷಿಗೆ ನಲವತ್ತೆರಡು ವರ್ಷ, ಅರವತ್ತೆಂಟು ಕೆಜಿ. ವಯಸ್ಸನ್ನು ಆಕೆ ಮುಚ್ಚಿಟ್ಟವಳಲ್ಲ. ತೂಕದ ಮಾತೆತ್ತಿದವರಿಗೆ ಮಾತ್ರ ಟಿಕೆಟ್ ಎಲ್ಲಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಹೈಸ್ಕೂಲಿನಲ್ಲಿ ಖೋ-ಖೋ ಆಡುತ್ತಿದ್ದಾಗ, ಗಾಳಿ ಬಂದರೆ ಹಾರಿಹೋಗ್ತೀಯ ಎಂದು ತಾಯಿ ಬೈಯುತ್ತಿದ್ದರು. ಈಗ ಬೆಳಗ್ಗೆ ಐದೂವರೆಗೆ ಡಿಪೋ, ಸಂಜೆ ಏಳಕ್ಕೆ ಮನೆ, ನಡುವೆ ಡ್ರೈವರ್ ಯೋಗಾನಂದ ಕೊಡಿಸುವ ಬೋಂಡ. ಯೂನಿಫಾರ್ಮಿನ ಹೊಲಿಗೆಯನ್ನು ದರ್ಜಿ ಎರಡು ಸಲ ಬಿಚ್ಚಿ ಸಡಿಲ ಮಾಡಿದ್ದ. ಮೂರನೇ ಸಲಕ್ಕೆ ಬಟ್ಟೆಯೇ ಉಳಿದಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ದಿನ ಕೋಮಲಾ ಬಸ್ಸು ಹತ್ತಿದಳು. ಒಂದು ಕಾಲಕ್ಕೆ ಇಬ್ಬರೂ ಒಂದೇ ತಂಡದವರು. ಕೋಮಲಾ ಈಗ ತರೀಕೆರೆಯಲ್ಲಿ ಪಿ.ಟಿ. ಮೇಡಂ. ಡಿಸೆಂಬರಿನ ಒಂದು ಭಾನುವಾರ ಹಳೆಯ ತಂಡವನ್ನು ಸೇರಿಸಿ ಆಡಿಸುತ್ತೇನೆ ಎಂದವಳು, "ಕೂತ್ರೆ ಏಳಕ್ಕಾಗುತ್ತೇನೇ ನಿಂಗೆ?" ಎಂದು ಕೇಳಿದಳು.

ಆ ಸಂಜೆ ವನಜಾಕ್ಷಿ ಮನೆಗೆ ಬಂದು ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಏಳಲು ಗ್ಯಾಸ್ ಸಿಲಿಂಡರ್ ಹಿಡಿಯಬೇಕಾಯಿತು. ಅಳು ಬಂತು. ಯಾರೋ ಓಡಿಬಂದು ಬೆನ್ನು ಮುಟ್ಟಿ 'ಖೋ' ಎನ್ನಬೇಕು, ತಾನು ಚಂಗನೆ ಎದ್ದು ಓಡಬೇಕು. ಅದೊಂದು ಇನ್ನೊಮ್ಮೆ ಸಿಕ್ಕರೆ ಸಾಕು ಅನ್ನಿಸಿತು.

ತೂಕ ಇಳಿಸಲು ಪುರುಸೊತ್ತಿಲ್ಲ, ಏರದಂತಾದರೂ ಹಿಡಿಯೋಣ ಎಂದುಕೊಂಡಳು. ಬಸ್ಸು ಕಡೂರಿನಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ತರೀಕೆರೆಯಲ್ಲಿ ಆರು, ಅಜ್ಜಂಪುರದಲ್ಲಿ ಹದಿನೈದು. ಅಷ್ಟೂ ಹೊತ್ತು ನಿಲ್ದಾಣ ಸುತ್ತತೊಡಗಿದಳು. ಏನೋ ಬೀಳಿಸಿಕೊಂಡಿದ್ದಾಳೆಂದು ಕೆಲವರು ನೆಲ ನೋಡುತ್ತಾ ಹಿಂದೆ ಹಿಂದೆಯೇ ನಡೆದರು. ಅವಳ ಬೋಂಡ ಯೋಗಾನಂದನ ಪಾಲಾಯಿತು, ಹೊಟ್ಟೆಯೂ ಅವನಿಗೇ ಬಂತು. ಖಾಲಿ ಬಸ್ಸಿನಲ್ಲಿ ಕೂತು ಎದ್ದು, ಕೂತು ಎದ್ದು ಮಾಡಿದಳು. ಡಿಸೆಂಬರಿನಲ್ಲೂ ಮೆಡಿಕಲ್ ಶಾಪಿನ ಮಷೀನು ಅರವತ್ತೆಂಟೇ ತೋರಿಸಿತು. ಆದರೆ ಏಳುವಾಗ ಏನನ್ನೂ ಹಿಡಿಯಬೇಕಾಗಿರಲಿಲ್ಲ.

ಆ ಭಾನುವಾರಕ್ಕೆ ರಜೆ ಬರೆದಿದ್ದಳು. ಬೆಳಗ್ಗೆಯೇ ಡಿಪೋದಿಂದ ಫೋನ್ ಬಂತು: ಬದಲಿ ಕಂಡಕ್ಟರಿಗೆ ಜ್ವರ. ಹೊಸ ಶೂಗಳನ್ನು ಮೂಲೆಗಿಟ್ಟು ಡ್ಯೂಟಿಗೆ ಬಂದಳು. ಬೀರೂರು ದಾಟಿದರೂ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ.

ತರೀಕೆರೆಯಲ್ಲಿ ಬಸ್ಸು ನಿಂತಾಗ ನಿಲ್ದಾಣದ ಹಿಂದಿನ ಮೈದಾನದಿಂದ 'ಖೋ' ಎಂಬ ಕೂಗು ಕೇಳಿಸುತ್ತಿತ್ತು. ಯೋಗಾನಂದ ಟಿಕೆಟ್ ಮಷೀನಿಗೆ ಕೈ ಚಾಚಿದ.

"ಆರು ನಿಮಿಷ ಐತೆ, ಹೋಗ್ಬಾ ವನಜಕ್ಕ. ಹಾರ್ನ್ ಹೊಡೀತೀನಿ."

ಸೀಟಿ ಹಿಡಿದು ಆಟ ನಡೆಸುತ್ತಿದ್ದ ಕೋಮಲಾ ಇವಳನ್ನು ಕಂಡವಳೇ ಸಾಲಿನಲ್ಲಿದ್ದ ಒಬ್ಬಳನ್ನು ಎಬ್ಬಿಸಿ ಜಾಗ ಕೊಟ್ಟಳು. ವನಜಾಕ್ಷಿ ಖಾಕಿಯಲ್ಲೇ ಕುಕ್ಕರಗಾಲಲ್ಲಿ ಕೂತಳು. ಓಡುವವಳು ಎಡಗಡೆಯವಳಿಗೆ ಖೋ ಕೊಟ್ಟಳು. ಆಮೇಲೆ ಬಲಗಡೆಯವಳಿಗೆ. ಇವಳ ಬೆನ್ನು ಕಾಯುತ್ತಲೇ ಇತ್ತು. ನಿಲ್ದಾಣದಿಂದ ಹಾರ್ನ್ ಕೇಳಿಸಿತು. ಇನ್ನೊಮ್ಮೆ ಕೇಳಿಸಿತು.

ಏಳಲು ಮನಸ್ಸಾಗದೆ ತಲೆ ತಗ್ಗಿಸಿದಳು. ಆಗ ಕೋಮಲಾ ಸೀಟಿ ಬಿಟ್ಟು ಹಿಂದಿನಿಂದ ಬಂದು, ಬೆನ್ನ ಮೇಲೆ ಅಂಗೈಯಿಟ್ಟು ಅಂದಳು: "ಖೋ."

ವನಜಾಕ್ಷಿ ಚಂಗನೆ ಎದ್ದಳು. ಹಿಡಿಯಲು ಮುಂದೆ ಯಾರಿದ್ದಾರೆಂದು ನೋಡಲಿಲ್ಲ. ನೇರ ಬಸ್ಸಿಗೇ ಓಡಿದಳು.

ಅಜ್ಜಂಪುರ ಬರುವವರೆಗೂ ಆಕೆ ಸೀಟಿಗೆ ಬೆನ್ನು ಒರಗಿಸಲಿಲ್ಲ.