ಜಗಲಿ ತುಂಬಿದ ಚೌಕ
ಬಿಡದಿಯ ಸುತ್ತ ಕಾರ್ಖಾನೆ ಶೆಡ್ಡುಗಳು ಏಳುತ್ತಿದ್ದ ಕಾಲ. ನನ್ನ ಗಂಡ ಅಂಥದೊಂದು ಶೆಡ್ಡಿನ ಲೇತ್ ಮೆಷಿನ್ನಿನಲ್ಲಿ ಗಾಡಿಗಳಿಗೆ ಹಾಕುವ ಉಕ್ಕಿನ ಪಿನ್ನು ಕಡೆಯುತ್ತಿದ್ದರು. ನಾನು ವಿರೂಪಾಕ್ಷಿಪುರದಿಂದ ಬಸ್ಸು ಹಿಡಿದು ಚನ್ನಪಟ್ಟಣಕ್ಕೆ ಬಿ.ಕಾಂ. ಓದಲು ಹೋಗುತ್ತಿದ್ದೆ. ಮದುವೆಯಾದ ಮೇಲೆ ಇದೆಂಥ ಓದು ಎಂದು ಊರು ನಕ್ಕರೂ, ಸಂಖ್ಯಾಶಾಸ್ತ್ರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು.

ಒಂದು ಶನಿವಾರ ಅವರು ಸಪ್ಪೆ ಮುಖ ಹೊತ್ತು ಬಂದರು.

“ಪಿನ್ನು ಅಳತೆಗೆ ಬರ್ತಾ ಇಲ್ವಂತೆ ಕಣಮ್ಮಿ. ಇನ್ನೊಂದ್ ವಾರ ನೋಡಿ ಕೆಲ್ಸದಿಂದ ತಗೀತೀನಿ ಅಂದ ಸೂಪರ್‌ವೈಸರು.”

ನನಗೆ ಮೂಗಿನ ತುದಿಯಲ್ಲೇ ಕೋಪ. ಅಳತೆ ಹೇಳಿ ಎಂದೆ. ಸೂಪರ್‌ವೈಸರು ಅಳೆದು ಹೇಳಿದ್ದ ನಾಲ್ಕು ಪಿನ್ನಿನದನ್ನು ಬಾಯಲ್ಲೇ ಒಪ್ಪಿಸಿದರು. ಕೂಡಿ ಭಾಗಿಸಿದರೆ ಸರಾಸರಿ ಬೇಕಾದ ಅಳತೆಗಿಂತ ಕೂದಲೆಳೆಯಷ್ಟೂ ಆಚೀಚೆ ಇಲ್ಲ! “ಆ ಸೂಪರ್‌ವೈಸರ್‌ಗೇ ಲೆಕ್ಕ ಬರಾಕಿಲ್ಲ” ಎಂದು ಕೂಗಾಡಿದೆ.

ಮಾರನೆ ಬೆಳಿಗ್ಗೆ ರಂಗೋಲಿ ಬಿಡುವಾಗ ಅದನ್ನು ಚಿತ್ರದಲ್ಲೇ ತೋರಿಸೋಣ ಎನ್ನಿಸಿತು. ಕೆಂಪು ಜಗಲಿಯ ಮೇಲೆ ಒಂದು ಗೆರೆ ಎಳೆದೆ. ಅದು ಇರಬೇಕಾದ ಅಳತೆ. ಕಣ್ಣಿಗೆ ಕಾಣಲೆಂದು ಎಲ್ಲ ವ್ಯತ್ಯಾಸವನ್ನೂ ಒಂದೇ ಪ್ರಮಾಣದಲ್ಲಿ ನೂರಾರು ಪಟ್ಟು ಹಿಗ್ಗಿಸಿದೆ. ದಪ್ಪ ಪಿನ್ನು ಗೆರೆಯ ಮೇಲಕ್ಕೆ, ಸಣ್ಣದು ಕೆಳಕ್ಕೆ. ಮೇಲಿನ ದಿಬ್ಬ ಕಡಿದು ಕೆಳಗಿನ ಹಳ್ಳಕ್ಕೆ ತುಂಬಿದರೆ ಗದ್ದೆಯಂತೆ ಮಟ್ಟ. ಇದೇ ಸರಾಸರಿ. ಆಮೇಲೆ ಒಂದೊಂದು ವ್ಯತ್ಯಾಸವನ್ನೂ ವರ್ಗ ಮಾಡಬೇಕಲ್ಲ, ವ್ಯತ್ಯಾಸವನ್ನೇ ಬದಿಯಾಗಿಸಿ ಚೌಕ ಎಳೆದೆ. ವರ್ಗ ಎಂದು ಬಾಯಿಪಾಠ ಮಾಡಿದ್ದು ನಿಜಕ್ಕೂ ನಾಲ್ಕು ಮೂಲೆಯ ಚೌಕ! ಎರಡು ಚೌಕ ಬೆರಳಗಲಕ್ಕೆ ನಿಂತವು. ಉಳಿದೆರಡು ಜಗಲಿಯನ್ನೇ ತುಂಬಿದವು. ಮೇಲಿನದನ್ನು ಕೆಳಗಿನದು ನುಂಗಲಿಲ್ಲ, ಚೌಕಕ್ಕೆ ಮೈನಸ್ ಎಲ್ಲಿಂದ ಬರಬೇಕು? ನಾಲ್ಕನ್ನೂ ಕೂಡಿ ಸಮನಾಗಿ ಹಂಚಿದರೆ ಬರುವ ಚೌಕದ ಬದಿಯೇ ಮಾನಕ ವಿಚಲನೆ, ಅಂದರೆ ಪಿನ್ನು ಸಾಮಾನ್ಯವಾಗಿ ಅಳತೆಯಿಂದ ಎಷ್ಟು ದೂರ ಹೋಗುತ್ತದೆ ಎಂಬುದು. ಅದು ನನ್ನ ಮೊಳಕ್ಕೂ ಉದ್ದವಿತ್ತು. ನಾನು ದಂಗಾಗಿ ಕೂತೆ. ಸೂಪರ್‌ವೈಸರು ಹೇಳಿದ್ದೇ ಸರಿ.

“ರೀ, ಒಸಿ ಬಂದ್ ನೋಡಿ. ಎಲ್ಲಾ ಪಿನ್ನೂ ಈ ಸಣ್ಣ ಚೌಕದಂಗೆ ಬಂದ್ರೆ ಕೆಲ್ಸ ಉಳ್ಕತ್ತದೆ.”

ಅವರು ಬಾಗಿಲಲ್ಲಿ ನಿಂತು ಬಗ್ಗಿ ನೋಡಿದರು. “ಸಣ್ಣದೆಲ್ಲೈತೆ? ದೊಡ್ಡವು ಎರಡೇ ಅಲ್ವಾ ಇರೋದು?” ಎನ್ನುತ್ತ ಸಣ್ಣ ಚೌಕದ ಮೇಲೆಯೇ ಕಾಲಿಟ್ಟರು.

ನಾನು ತಟ್ಟನೆ ಎದ್ದೆ. “ಕಾಣಾಕಿಲ್ವಾ ನಿಮ್ಗೆ?”

“ಮೆಲ್ಲಗ್ ಮಾತಾಡು. ಮಿಸೀನ್ ಮೇಲಿನ ಅಳತೆ ಗೆರೆ ಕಾಣ್ದೆ ಎಷ್ಟೋ ದಿನ ಆಯ್ತು. ಅಂದಾಜ್ನಾಗೇ ಕಡೀತೀನಿ. ಗೊತ್ತಾದ್ರೆ ಮಿಸೀನ್ ತಾವ್ಕೇ ಬುಡಾಕಿಲ್ಲ.”

ಕೆಲಸದ ಚಿಂತೆ ಎತ್ತಲೋ ಹಾರಿಹೋಯಿತು. ಗಿರಗಿರ ತಿರುಗುವ ಉಕ್ಕಿನ ಪಕ್ಕ ಇಷ್ಟು ದಿನ ಕಣ್ಣು ಸರಿಯಾಗಿ ಕಾಣದೆಯೇ ಕೈಯಿಟ್ಟು ಬಂದಿದ್ದರು. ರಂಗೋಲಿ ಮೆತ್ತಿದ ಕೈಯಲ್ಲೇ ಅವರ ಎರಡೂ ಕೈ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ.