ಪಾಸ್‌ವರ್ಡ್ ಗೊತ್ತಿದ್ದ ಗೆಳತಿ

ಮುನೀರಾ ಹೊಲಿಗೆಯವಳು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಎರಡು ಬಟ್ಟೆ ಅಂಗಡಿಗಳಿಗೆ ಬುರ್ಖಾ, ಚೂಡಿದಾರ ಹೊಲಿದು ಕೊಡುತ್ತಾಳೆ. ನನ್ನ ರವಿಕೆಗಳೂ ಅವಳ ಕೈಯವೇ. ಎಂಟನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಅಮ್ಮ ಇಕ್ಬಾಲ್ ಬೇಗಂ ಅವರ ಮಷಿನ್ನಿನ ಮುಂದೆ ಕೂತವಳು ಮೂವತ್ನಾಲ್ಕಾದರೂ ಅಲ್ಲೇ ಇದ್ದಾಳೆ. ಮದುವೆ ಆಗಲಿಲ್ಲ. ಅಂಗಡಿಗೆ ಹೋಗಿ ಹೊಲಿದ ಬಟ್ಟೆಯ ಗಂಟು ಕೊಟ್ಟು ಬರುವುದು ಬಿಟ್ಟರೆ ಅವಳ ಲೋಕ ಎರಡು ಓಣಿ ದಾಟುತ್ತಿರಲಿಲ್ಲ.

ಇಂಥವಳು ಫೋನಿನಲ್ಲಿ ಬಂದೂಕಿನ ಆಟ ಆಡುತ್ತಾಳೆ ಎಂದು ಗೊತ್ತಾದಾಗ ನಾನು ನಕ್ಕಿದ್ದೆ. ಲಾಕ್‌ಡೌನಿನಲ್ಲಿ ಹೊಲಿಗೆ ಕೆಲಸ ನಿಂತಾಗ ಶುರುವಾದದ್ದು. ನಾಲ್ಕು ಮಂದಿಯ ತಂಡ ಒಂದು ದ್ವೀಪದಲ್ಲಿ ಇಳಿದು ಕೊನೆಯವರೆಗೆ ಉಳಿಯಬೇಕು. ಆಡುತ್ತಲೇ ಒಬ್ಬರಿಗೊಬ್ಬರು ಮಾತಾಡಬಹುದು. ಮುನೀರಾಳ ಹೆಸರು ಅಲ್ಲಿ ‘ಬಿಜಲಿ’. ಮನೆಯಲ್ಲಿ ಅವಳ ಮಾತಿಗೆ ಹೂಂ ಅನ್ನುವವರು ಇರಲಿಲ್ಲ. ಆಟದಲ್ಲಿ ಎಲ್ಲೆಲ್ಲಿಯದೋ ಊರಿನ ಗಂಡಸರು ಅವಳು ‘ನಿಲ್ರಿ’ ಎಂದರೆ ನಿಲ್ಲುತ್ತಿದ್ದರು, ‘ಓಡ್ರಿ’ ಎಂದರೆ ಓಡುತ್ತಿದ್ದರು.

ಒಂದು ದಿನ ಗುಂಡಿನ ಸದ್ದಿನ ನಡುವೆ ಹೆಣ್ಣುದನಿಯೊಂದು ಕೂಗಿತು: “ಅಯ್ಯ, ಹಿಂದಿಂದ ಬರಾಕತ್ತಾರ ನೋಡ್ರೀ! ಸ್ವಲ್ಪ ಜರುಗ್ರೀ!”

ಸಾಯುವ ಹೊತ್ತಿನಲ್ಲೂ ‘ರೀ’ ಬಿಡದ ಆ ದನಿ ಕೇಳಿ ಮುನೀರಾ ನಗುತ್ತಾ ಕೂತಳು, ಗುಂಡು ತಿಂದು ಬಿದ್ದಳು. “ನಿಮ್ಮೂರು ಯಾವುದ್ರೀ?” ಎಂದು ಕೇಳಿದಳು.

“ಕಮಲಾಪುರ ರೀ. ಹೆಸರ ನೋಡಿಲ್ಲೇನ್ರಿ?”

ಅವಳ ಆಟದ ಹೆಸರು ‘ಕೆಂಬಾಳೆ’. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದ ಯಾರಿಗಾದರೂ ಊರು ತಿಳಿಯುತ್ತಿತ್ತು. ನಿಜವಾದ ಹೆಸರು ಸೌಂದರ್ಯಾ. ಕಮಲಾಪುರ ಬಸ್ ಸ್ಟ್ಯಾಂಡಿನ ಹತ್ತಿರ ಅವಳದೊಂದು ಸಣ್ಣ ಆನ್‌ಲೈನ್ ಸೇವಾ ಅಂಗಡಿ: ಪಿಂಚಣಿ ಅರ್ಜಿ, ಪಹಣಿ, ರೇಷನ್ ಕಾರ್ಡಿನ ತಿದ್ದುಪಡಿ. ಓದಲು ಬಾರದ ಮುದುಕಿಯರು ಸೆರಗಿನ ಗಂಟು ಬಿಚ್ಚಿ ಫೋನು ತೆಗೆದು ಅವಳ ಕೈಗೆ ಕೊಟ್ಟು, “ನಂಬರ್ ಬಂದಿರಬೇಕು ನೋಡವ್ವ” ಎಂದು ಹೊರಗಿನ ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಮನೆಯಲ್ಲಿ ಅವಳು, ಅವಳಪ್ಪ ಸಾಯಬಣ್ಣ, ಇಬ್ಬರೇ.

ಐದು ವರ್ಷ ಇಬ್ಬರೂ ಜೊತೆಗೆ ಆಡಿದರು. ಮೂವತ್ತೈದು-ನಲವತ್ತು ಕಿಲೋಮೀಟರ್ ದೂರ, ಮುಖ ನೋಡಿದ್ದಿಲ್ಲ. ಆದರೆ ಸೌಂದರ್ಯಾಳಿಗೆ ನೆಗಡಿಯಾಗಿದೆ ಎಂಬುದು ಅವಳಪ್ಪನಿಗಿಂತ ಮೊದಲು ಮುನೀರಾಳಿಗೆ ಗೊತ್ತಾಗುತ್ತಿತ್ತು. ಆಟ ಮುಗಿದ ಮೇಲೂ ಫೋನು ಇಡುತ್ತಿರಲಿಲ್ಲ. ಒಬ್ಬಳು ಹೊಲಿಯುತ್ತಾ, ಇನ್ನೊಬ್ಬಳು ಜೋಳದ ರೊಟ್ಟಿ ತಟ್ಟುತ್ತಾ ಸುಮ್ಮನೆ ಇರುತ್ತಿದ್ದರು. ತಟ್ಟುವ ಸದ್ದಿನಲ್ಲಿ ಎಷ್ಟು ರೊಟ್ಟಿ ಆದವು ಎಂದು ಮುನೀರಾ ಹೇಳಬಲ್ಲಳಾಗಿದ್ದಳು.

ಇಕ್ಬಾಲ್ ಬೇಗಂ ಅವರ ಕಣ್ಣಿನ ಆಪರೇಶನ್ ಆದಾಗ ಮುನೀರಾ ಹತ್ತು ದಿನ ಆಟಕ್ಕೆ ಬರುವಂತಿರಲಿಲ್ಲ. ದಿನಕ್ಕೊಮ್ಮೆಯಾದರೂ ಒಳಗೆ ಹೋಗದಿದ್ದರೆ ಗಳಿಸಿದ ದರ್ಜೆ ಇಳಿಯುತ್ತದೆ. ಅವಳು ಸೌಂದರ್ಯಾಳಿಗೆ ಪಾಸ್‌ವರ್ಡ್ ಕಳಿಸಿದಳು.

ಸೌಂದರ್ಯಾ ಆ ಕ್ಷಣವೇ ಫೋನ್ ಮಾಡಿದಳು. “ಹಿಂಗ್ಯಾಕ ಮಾಡಿದ್ರಿ? ಪಾಸ್‌ವರ್ಡ್ ಯಾರಿಗೂ ಕೊಡಬಾರದ್ರಿ, ನನಗೂ ಕೊಡಬಾರದು. ಮಂದಿಗೆ ದಿನಾ ಇದನ್ನೇ ಹೇಳ್ತೇನಿ. ಆಪರೇಶನ್ ಮುಗಿದ ಮ್ಯಾಲ ಬದಲ ಮಾಡ್ಕೋರಿ. ಎರಡನೇ ಕೀಲಿ ಇರ್ತದಲ್ಲ, ಹೊಸಾ ಫೋನಿನಿಂದ ಯಾರರ ಬಂದ್ರ ನಿಮ್ಮನ್ನ ಕೇಳ್ತದ, ಅದನ್ನೂ ಹಾಕ್ಕೋರಿ.”

“ನೀ ಏನ್ ಕಳ್ಳಿ ಏನವಾ?” ಎಂದು ಮುನೀರಾ ನಕ್ಕಳು. ಆಪರೇಶನ್ ಮುಗಿಯಿತು. ಬದಲು ಮಾಡಲಿಲ್ಲ, ಎರಡನೇ ಕೀಲಿ ಹಾಕಲಿಲ್ಲ. ಪುರಸತ್ತು ಆಗಲಿಲ್ಲ ಎಂದು ನನಗೆ ಹೇಳಿದಳು. ಸೌಂದರ್ಯಾ ಮತ್ತೆ ಎರಡು ಸಲ ನೆನಪಿಸಿದ್ದಳಂತೆ.

ಹೋದ ವರ್ಷದ ರಮ್ಜಾನಿನ ಇಪ್ಪತ್ತೆರಡನೇ ರೋಜಾದ ಸಂಜೆ, ಇಫ್ತಾರ್ ಮುಗಿಸಿ ಫೋನು ತೆಗೆದರೆ ಆಟ ಅವಳನ್ನು ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ತಪ್ಪು ಎಂದಿತು. ನಾಲ್ಕು ಸಲ ಹೊಡೆದಳು. ಅಷ್ಟರಲ್ಲಿ ತಂಡದವರೊಬ್ಬರು ಆಟದ ಪರದೆಯ ಚಿತ್ರ ಕಳಿಸಿದರು: ‘ಬಿಜಲಿ’ ಹೆಸರು ಬದಲಾಗಿತ್ತು, ಐದು ವರ್ಷದ ಗೆಳೆಯರ ಪಟ್ಟಿ ಅಳಿಸಿ ಹೋಗಿತ್ತು, ಅವಳ ಹೆಸರಿನಲ್ಲಿ ಯಾರೋ ಎಲ್ಲರಿಗೂ ಹೊಲಸು ಬೈದಿದ್ದರು.

“ಕ್ಯಾ ಹುವಾ ಗೆ?” ಏನಾಯ್ತೇ ಎಂದು ಅಮ್ಮ ಕೇಳಿದರೆ ಅವಳು ಫೋನು ಹಿಡಿದು ಒಳಗೆ ಹೋದಳು. ಹಬ್ಬದ ಹೊಲಿಗೆಯ ಒತ್ತಡ, ಇಪ್ಪತ್ತೆರಡು ದಿನದ ಉಪವಾಸದ ದಣಿವು. ಪಾಸ್‌ವರ್ಡ್ ಗೊತ್ತಿದ್ದವಳು ಒಬ್ಬಳೇ ಎಂಬುದಷ್ಟೇ ತಲೆಯಲ್ಲಿ ಉಳಿಯಿತು. ಬೇರೆ ಬೇರೆ ತಂಡಗಳಲ್ಲಿ ಅವಳೊಂದಿಗೆ ಆಡುವವರ ವಾಟ್ಸಪ್ ಗ್ರೂಪಿನಲ್ಲಿ ನಲವತ್ತು ಮಂದಿ ಇದ್ದರು. ಅದರಲ್ಲಿ ಧ್ವನಿ ಸಂದೇಶ ಹಾಕಿದಳು:

“ನನ್ನ ಪಾಸ್‌ವರ್ಡ್ ಒಬ್ಬಾಕಿಗಷ್ಟೇ ಗೊತ್ತಿತ್ತು. ಕಮಲಾಪುರದ ಸೌಂದರ್ಯಾ. ಮಂದಿ ಓಟಿಪಿ ಇಸ್ಕೊಂಡು ದಂಧೆ ಮಾಡೋ ಹೆಣ್ಣುಮಗಳು. ಆಕಿಗೆ ಕದಿಯೋದು ಸಸಾರ ಅದ. ಎಲ್ಲಾರೂ ಹುಷಾರ್ ಇರ್ರಿ.”

ಸೌಂದರ್ಯಾ ಮೂರು ಸಲ ಫೋನ್ ಮಾಡಿದಳು. ಮುನೀರಾ ಎತ್ತಲಿಲ್ಲ. ಆಮೇಲೆ ಒಂದು ಸಾಲು ಬಂತು: “ನಾ ಅಲ್ರೀ. ಒಂದ್ಸಲ ಮಾತಾಡ್ರಿ.” ಮುನೀರಾ ಆ ನಂಬರನ್ನೇ ಬ್ಲಾಕ್ ಮಾಡಿದಳು. ಈದ್ ದಿನ ಶೀರ್‌ಖುರ್ಮಾ ಪಾಯಸ ಮಾಡಿದಳು, ತಾನು ಮಾತ್ರ ತಿನ್ನಲಿಲ್ಲವಂತೆ.

ಆಟದ ಕಂಪನಿಗೆ ದೂರು ಬರೆದು ಅವಳು ಅದನ್ನು ಮರೆತೇ ಬಿಟ್ಟಿದ್ದಳು. ನಾಲ್ಕು ತಿಂಗಳಾದ ಮೇಲೆ ಉತ್ತರ ಬಂತು, ಉದ್ದನೆಯ ಇಂಗ್ಲಿಷಿನಲ್ಲಿ. ಸೂಪರ್ ಮಾರ್ಕೆಟ್ಟಿನಲ್ಲಿ ಮೊಬೈಲ್ ರಿಪೇರಿ ಮಾಡುವ ದಾನಿಶ್ ಅವಳಿಗೆ ಪರಿಚಯ. ಅಂಗಡಿಗೆ ಗಂಟು ಕೊಡಲು ಹೋದಾಗ ಅವನಿಗೆ ತೋರಿಸಿದಳು.

ದಾನಿಶ್ ಓದಿದ. “ಖಾತೆ ವಾಪಸ್ ಕೊಡ್ತಾರಂತ, ಆಪಾ. ಆದ್ರ ಇಲ್ಲಿ ನೋಡ್ರಿ. ಆವತ್ತು ಮಧ್ಯಾಹ್ನ ನಾಲ್ಕಕ್ಕ ದೂರದ ಯಾವುದೋ ರಾಜ್ಯದಿಂದ ಪಾಸ್‌ವರ್ಡ್ ಬದಲ ಮಾಡ್ಯಾರ. ಬದಲ ಮಾಡಾಕ ಆರಂಕಿ ಕೋಡ್ ಬೇಕು. ಅದು ನಿಮ್ಮ ಫೋನಿಗೇ ಬಂದದ. ಕೋಡ್ ಯಾರಿಗೆ ಕೊಟ್ರಿ?”

“ಯಾರಿಗೂ ಇಲ್ಲ. ಆಕಿಗೆ ಪಾಸ್‌ವರ್ಡ್ ಗೊತ್ತಿತ್ತಲ್ಲ?”

“ಬರೇ ಪಾಸ್‌ವರ್ಡ್ ಗೊತ್ತಿದ್ರ ಹಿಂಗ ಆಗಂಗಿಲ್ಲ.” ಅವನು ಫೋನು ಇಸಕೊಂಡು ಆ ದಿನ ಏನೇನು ತೆರೆದಿದ್ದಾಳೆ ಎಂದು ಹುಡುಕಿದ. ಮಧ್ಯಾಹ್ನ ಮೂರೂ ಐವತ್ತೈದಕ್ಕೆ ಒಂದು ಲಿಂಕು. ಆಟದ ಹೆಸರಿನಂತೆಯೇ ಇತ್ತು, ನಡುವೆ ಒಂದು ಅಕ್ಷರ ಹೆಚ್ಚಿಗೆ.

ಆಗ ಅವಳಿಗೆ ನೆನಪಾಯಿತು. ಕತ್ತರಿ ಒಂದು ಕೈಯಲ್ಲಿ, ಫೋನು ಒಂದು ಕೈಯಲ್ಲಿ. ತಂಡದವನೊಬ್ಬನ ಹೆಸರಿನಿಂದ ಬಂದ ಸಂದೇಶ: ಈದ್ ಉಡುಗೊರೆ, ಇವತ್ತೇ ಕಡೇ ದಿನ, ಇಲ್ಲಿ ಒತ್ತಿ. ಒತ್ತಿದ್ದಳು. ಪಾಸ್‌ವರ್ಡ್ ಕೇಳಿತು, ಹಾಕಿದಳು. ಕೋಡ್ ಕೇಳಿತು, ಅದನ್ನೂ ಹಾಕಿದಳು. ಆಮೇಲೆ ಪರದೆ ಬೆಳ್ಳಗಾಯಿತು. ನೆಟ್‌ವರ್ಕ್ ಇಲ್ಲವೇನೋ ಎಂದು ಫೋನು ಬದಿಗಿಟ್ಟು ಚೂಡಿದಾರದ ತೋಳು ಕತ್ತರಿಸಲು ಕೂತಿದ್ದಳು.

“ಲಿಂಕ್ ಕಳಿಸಿದ ಆ ಹುಡುಗನ ಖಾತೇನೂ ಮೊದಲ ಕದ್ದಿರಬೇಕು,” ಎಂದ ದಾನಿಶ್. ಅವನು ಖಾತೆ ತೆರೆದುಕೊಟ್ಟ, ಹೊಸ ಪಾಸ್‌ವರ್ಡನ್ನು ಅವಳೇ ಬರೆಯುವಂತೆ ಮಾಡಿ ತಾನು ಮುಖ ತಿರುಗಿಸಿ ನಿಂತ, ಎರಡನೇ ಕೀಲಿ ಹಾಕಿಸಿದ. ಅವಳು ಬಟ್ಟೆಯ ಗಂಟನ್ನು ಅವನ ಅಂಗಡಿಯಲ್ಲೇ ಮರೆತು ಆಟೋ ಹತ್ತಿದಳು.

ಆವತ್ತೇ ಗ್ರೂಪಿನಲ್ಲಿ ತನ್ನ ತಪ್ಪು ಹೇಳಿಕೊಂಡಳು. ಇಬ್ಬರು ಹೆಬ್ಬೆರಳಿನ ಚಿತ್ರ ಹಾಕಿದರು, ಅಷ್ಟೇ. ಸೌಂದರ್ಯಾಳ ನಂಬರಿನ ಬ್ಲಾಕ್ ತೆಗೆದು ಫೋನ್ ಮಾಡಿದರೆ ಆ ನಂಬರು ಬಳಕೆಯಲ್ಲಿರಲಿಲ್ಲ. ಮರುದಿನ ಕಮಲಾಪುರದ ಬಸ್ಸು ಹತ್ತಿದಳು. ಒಬ್ಬಳೇ ಊರು ಬಿಟ್ಟು ಹೊರಟದ್ದು ಅದೇ ಮೊದಲು.

ಬಸ್ ಸ್ಟ್ಯಾಂಡಿನ ಹತ್ತಿರ ಸೇವಾ ಅಂಗಡಿ ಇರಲಿಲ್ಲ. ಆ ಜಾಗದಲ್ಲಿ ಕಬ್ಬಿನ ಹಾಲಿನ ಮಷಿನ್ ತಿರುಗುತ್ತಿತ್ತು. ಪಕ್ಕದಲ್ಲಿ ಝೆರಾಕ್ಸ್ ಅಂಗಡಿಯ ಜೈಭೀಮ ಎಂಬುವನನ್ನು ಕೇಳಿದಳು.

“ಆ ಹುಡುಗಿ ಬಂದ್ ಮಾಡಿ ಎರಡು ತಿಂಗಳಾತ್ರಿ. ಯಾವಾಕಿನೋ ಈಕಿ ಓಟಿಪಿ ಕಳ್ಳಿ ಅಂತ ಫೋನಿನ್ಯಾಗ ಹೇಳಿದ್ಲು. ಆ ಆಟ ಆಡೋ ಹುಡುಗರು ನಮ್ಮೂರಾಗೂ ಅದಾರ, ಅದು ಊರ ತುಂಬ ತಿರುಗಿತು. ಮುದುಕೇರು ಬರೋದು ಬಿಟ್ರು. ಒಬ್ಬಾಕಿಯಂತೂ ಪಿಂಚಣಿ ಬರೋದು ತಡ ಆತಂತ ಅಂಗಡಿ ಮುಂದ ನಿಂತು ಮಣ್ಣು ತೂರಿದ್ಲು. ಪಿಂಚಣಿ ಮುಂದಿನ ವಾರ ಬಂತು. ಆದ್ರ ಮಣ್ಣು ತೂರಿದ್ದು ತೂರಿದಂಗೇ ಆತಲ್ರಿ.”

ಮುನೀರಾ ಮನೆಯ ದಾರಿ ಕೇಳಿಕೊಂಡು ಹೋದಳು. ಬಾಗಿಲಲ್ಲಿ ಸಾಯಬಣ್ಣ ಕೂತಿದ್ದರು. “ಸೌಂದರ್ಯಾನ ಗೆಳತಿ ರೀ” ಎಂದಳು. ಅವರು ಒಳಗೆ ಕರೆದು ಚಾಪೆ ಹಾಸಿ, ತಾವೇ ತಂಬಿಗೆಯಲ್ಲಿ ನೀರು ತಂದುಕೊಟ್ಟರು.

“ಕಪನೂರಿನ ಬ್ಯಾಳಿ ಮಿಲ್ಲಿಗೆ ಹೋಗ್ತಾಳವಾ. ಸಂಜೀ ಬಸ್ಸಿಗೆ ಬರ್ತಾಳ. ಕೂಡು.” ಬೆಳಿಗ್ಗೆ ಬರುವಾಗ ಮುನೀರಾಳ ಬಸ್ಸು ಕಪನೂರನ್ನು ದಾಟಿಯೇ ಬಂದಿತ್ತು.

ಸಾಯಬಣ್ಣನಿಗೆ ಮಾತಾಡುವವರು ಬೇಕಾಗಿತ್ತು, ಸಂಜೆಯವರೆಗೂ ಮಾತಾಡುತ್ತಲೇ ಇದ್ದರು. “ಕಂಪ್ಯೂಟರ್ ಕಲಿತ ಹುಡುಗಿ ಈಗ ಕಾಳು ಆರಿಸ್ತಾಳ. ಧೂಳಿಗೆ ಕೆಮ್ಮು ಬಿಟ್ಟಿಲ್ಲ. ಕಲಬುರ್ಗಿ ಯಾವಾಕಿನೋ ಗೆಳೆತನ ಮಾಡಿದ್ಲಂತ, ನಾ ಕಂಡಿಲ್ಲ. ಆಕಿ ಬಗ್ಗೆ ಎಷ್ಟ ಹೇಳ್ತಿದ್ಲು! ಆಕಿನೇ ಹಿಂಗ ಮಾಡಿದ್ಲು. ಒಂದು ಮಾತು ಕೇಳಬಾರದಿತ್ತಾ ತಾಯಿ? ಒಂದು ಸಲ ಫೋನ್ ಎತ್ತಿದ್ರ ಆಕಿ ಗಂಟೇನರ ಹೋಗ್ತಿತ್ತಾ?”

“ಇಲ್ಲ,” ಎಂದಳು ಮುನೀರಾ. ‘ಅದು ನಾನೇ’ ಎಂದು ಹೇಳಿಬಿಡಬೇಕೆಂದುಕೊಂಡಳು. ತಂಬಿಗೆ ಕೆಳಗಿಟ್ಟು ಬಾಯಿ ತೆರೆಯುವಷ್ಟರಲ್ಲಿ ಹೊಸ್ತಿಲಲ್ಲಿ ನೆರಳು ಬಿತ್ತು.

ತಲೆಗೆ ಬಿಗಿದ ಬಟ್ಟೆ, ರೆಪ್ಪೆಯ ಮೇಲೆ ತೊಗರಿಯ ಹಳದಿ ಧೂಳು. ಮುನೀರಾ ಅಂದುಕೊಂಡದ್ದಕ್ಕಿಂತ ಸಣ್ಣ ಹೆಣ್ಣು. “ಯಾರ್ರೀ?” ಎಂದ ಕೂಡಲೇ ದನಿ ಗುರುತಾಯಿತು. ಮುನೀರಾ ಎದ್ದು ನಿಂತು, “ನಾನು...” ಎಂದಳು. ಅಷ್ಟಕ್ಕೇ ಸೌಂದರ್ಯಾಳಿಗೂ ಗುರುತಾಯಿತು.

ಅವಳು ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. ಆಮೇಲೆ ಸೌಂದರ್ಯಾ ಅಪ್ಪನ ಕಡೆ ತಿರುಗಿ, “ಕಂಪ್ಯೂಟರ್ ಕ್ಲಾಸಿನ ಗೆಳತಿ, ಅಪ್ಪಾ. ಬಸ್ಸಿಗೆ ಬಿಟ್ಟು ಬರ್ತೇನಿ,” ಎಂದಳು.

ದಾರಿಯಲ್ಲಿ ಮುನೀರಾ ಎಲ್ಲವನ್ನೂ ಹೇಳಿದಳು: ಲಿಂಕು, ಕೋಡು, ದಾನಿಶ್ ತೋರಿಸಿದ್ದು. ಅಳು ತಡೆಯಲಾಗದೆ ಗೋಡೆ ಹಿಡಿದು ನಿಂತಳು. ಸೌಂದರ್ಯಾ ಅವಳ ಕೈ ಹಿಡಿಯಲಿಲ್ಲ, ಬಿಟ್ಟು ಮುಂದೆಯೂ ಹೋಗಲಿಲ್ಲ.

“ನಾ ಇವತ್ತೇ ನಿಮ್ಮಪ್ಪಗ ಹೇಳ್ತೇನಿ. ಊರ ಮಂದಿಗೂ ಹೇಳ್ತೇನಿ,” ಎಂದಳು ಮುನೀರಾ.

“ಊರಿಗೆ ಹೇಳ್ರಿ, ನಿಮ್ಮ ಇಚ್ಛಾ. ಅಪ್ಪಗ ಬ್ಯಾಡ್ರಿ. ನೀರು ಕೊಟ್ಟು ಕೂಡಿಸ್ಯಾನ. ಈಗ ತಿಳಿದ್ರ ಅದನ್ನೂ ಮನಸಿಗೆ ಹಚ್ಕೊಂಡು ಕೂಡ್ತಾನ.”

“ಖಾತೆ ವಾಪಸ್ ಬಂದದ. ಮತ್ತ ಆಡೂಣ?”

“ಆಟ ತೆಗೆದು ಹಾಕೀನ್ರಿ.”

“ಸಿಟ್ಟು ಇನ್ನೂ ಅದಾ?”

ಸೌಂದರ್ಯಾ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಹೇಳಿದಳು: “ಇಲ್ರಿ. ಮೊದಲ ಒಂದು ತಿಂಗಳು ಭಾಳ ಇತ್ತು. ಆವಾಗ ಬಂದಿದ್ರ ಜಗಳಾ ಆಡ್ತಿದ್ದೆ, ಜಗಳ ಮುಗಿದ ಮ್ಯಾಲ ರೊಟ್ಟಿ ಹಾಕ್ತಿದ್ದೆ. ಈಗ ಏನೂ ಅನಸಂಗಿಲ್ರಿ. ಕಳ್ಳರು ನಿಮಗ ಮೋಸ ಮಾಡಿದ್ರು, ಅದು ತಿಳೀತದ. ನೀವು ನನ್ನ ಕೇಳಲಿಲ್ಲ ಅನ್ನೋದು ಮಾತ್ರ ಇನ್ನೂ ತಿಳಿಯವಲ್ದು.”

ಬಸ್ಸು ಬಂತು. ಅವಳು ‘ಹುಷಾರ್ ಹೋಗ್ರಿ’ ಎಂದಳು, ಬಸ್ಸು ಹೊರಡುವ ಮೊದಲೇ ತಿರುಗಿ ನಡೆದಳು.

ಮುನೀರಾ ಸುಮ್ಮನಿರಲಿಲ್ಲ. ಮುಂದಿನ ವಾರ ಮತ್ತೆ ಹೋಗಿ, ತಪ್ಪು ತನ್ನದು, ಸೌಂದರ್ಯಾ ಏನೂ ಕದ್ದಿಲ್ಲ ಎಂದು ತನ್ನ ಹೆಸರು, ವಿಳಾಸ ಹಾಕಿ ಬರೆದ ಕಾಗದವನ್ನು ಜೈಭೀಮನ ಅಂಗಡಿಗೆ ಅಂಟಿಸಿ ಬಂದಳು. ಕಟ್ಟೆಯ ಮೇಲಿನ ಮುದುಕಿಯರಿಗೆ ಬಾಯಿಯಲ್ಲೂ ಹೇಳಿದಳು. ಅವರು “ಹೌದೇನವಾ, ಪಾಪ” ಎಂದರು. ಆಗಲೇ ಅವರು ತಮ್ಮ ಫೋನುಗಳನ್ನು ಬೇರೆ ಅಂಗಡಿಯವನ ಕೈಗೆ ಕೊಡಲು ಶುರುಮಾಡಿದ್ದರು.

ಈಗ ಅಳತೆ ಕೊಡಲು ಬರುವ ಹೆಂಗಸರಿಗೆಲ್ಲ ಅವಳು ಟೇಪು ಹಿಡಿದುಕೊಂಡೇ ಕೇಳುತ್ತಾಳೆ: ಮಕ್ಕಳು ಆಟ ಆಡುತ್ತಾರಾ, ಎರಡನೇ ಕೀಲಿ ಹಾಕಿದ್ದೀರಾ, ಬಂದ ಕೋಡನ್ನು ಎಲ್ಲಾದರೂ ಬರೆಯುತ್ತೀರಾ. ಕೆಲವರು ಬೇಸರಪಡುತ್ತಾರೆ. ನನ್ನ ಫೋನಿಗೂ ಅವಳೇ ಹಾಕಿಸಿದಳು. ತಾನು ಆಡುವುದಿಲ್ಲ. ಒಂದೆರಡು ಸಲ ಒಳಗೆ ಹೋದಳಂತೆ. ಯಾರ್ಯಾರೋ ಬಂದು ತಂಡ ತುಂಬಿದರು, ಹಿಂದಿಯಲ್ಲಿ ಕೂಗಾಡಿದರು, ಅವಳು ಹೊರಗೆ ಬಂದಳು.

ಈ ಸಲದ ಈದ್‌ಗೆ ಎಲ್ಲರ ಬಟ್ಟೆ ಮುಗಿದ ಮೇಲೆ ಹಸಿರು ಬಣ್ಣದ ಒಂದು ಚೂಡಿದಾರ ಹೊಲಿದಳು. ಅಳತೆ ಇರಲಿಲ್ಲ. ಸೌಂದರ್ಯಾ ಬಸ್ ಸ್ಟ್ಯಾಂಡಿನವರೆಗೆ ಪಕ್ಕದಲ್ಲಿ ನಡೆದದ್ದನ್ನೇ ನೆನೆಸಿಕೊಂಡು ಭುಜಕ್ಕೆ ಬಟ್ಟೆ ಕತ್ತರಿಸಿದಳು, ಬೇಕಾದರೆ ಸಡಿಲಿಸಿಕೊಳ್ಳಲಿ ಎಂದು ಸೊಂಟಕ್ಕೆ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಳು. ಜೈಭೀಮನ ಕೈಯಲ್ಲಿ ಕಳಿಸಿಕೊಟ್ಟಳು. ಅವನು ಮನೆಗೆ ಮುಟ್ಟಿಸಿದ್ದೇನೆ ಎಂದು ಹೇಳಿದ. ಅದು ವಾಪಸ್ ಬರಲಿಲ್ಲ, ಫೋನೂ ಬರಲಿಲ್ಲ. ಭುಜಕ್ಕೆ ಸರಿಯಾಯಿತೋ, ಬಿಗಿಯಾಯಿತೋ, ಅವಳು ಬಿಚ್ಚಿ ನೋಡಿದಳೋ ಇಲ್ಲವೋ, ಮುನೀರಾಳಿಗೆ ಇವತ್ತಿಗೂ ಗೊತ್ತಿಲ್ಲ.