ತಾಂಡೇಲನ ಹಿಂಗಾಲು

ಕಡಲಿನ ಭರತಿಯ ನೀರು ಹೊಳೆಬಾಯಿಯ ಅಳಿವೆಯೊಳಗೆ ಸೊಂಟದ ಮಟ್ಟಕ್ಕೆ ಏರಿದ ಮೇಲೆ ಮನಿಷಾ ನಾಯಿಯನ್ನು ನೀರಿಗಿಳಿಸಿದಳು. ಅದರ ಹೊಟ್ಟೆಗೆ ಹಳೆಯ ಲುಂಗಿಯ ಪಟ್ಟಿ ಸುತ್ತಿತ್ತು. ಹರಿದ ಬಲೆಯಿಂದ ಬಿಚ್ಚಿಕೊಂಡ ಬೆಂಡುಗಳನ್ನು ಪಟ್ಟಿಯ ಎರಡೂ ಬದಿಗೆ ಕಟ್ಟಿದ್ದಳು. ಬೆಂಡುಗಳು ಹಿಂಭಾಗವನ್ನು ಎತ್ತಿ ಹಿಡಿದವು, ಮುಂಗಾಲುಗಳು ತಾವಾಗಿ ಈಜತೊಡಗಿದವು. ಹಿಂಗಾಲುಗಳನ್ನು ಅವಳು ಒಂದೊಂದಾಗಿ ಹಿಡಿದು ಮಡಚಿದಳು, ಹಿಂದಕ್ಕೆ ಚಾಚಿದಳು, ಮತ್ತೆ ಮಡಚಿದಳು.

ದಂಡೆಯ ಮೇಲೆ ಮೀನಿನ ಬುಟ್ಟಿ ಇಳಿಸಿ ವೈಜಯಂತಿ ನೋಡುತ್ತ ನಿಂತಿದ್ದಳು. ಅಂಕೋಲೆ ಪೇಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

"ನನ್ ಸೊಂಟ ಹಿಡ್ಕಂಡು ಎಷ್ಟು ವರ್ಷ ಆಯ್ತು ಮಾರಾಯ್ತಿ, ಒಬ್ರಾದ್ರೂ ಹೀಂಗೆ ನೀರಿಗೆ ಹಾಕಿ ತಿಕ್ಕಿದ್ರಾ? ಮುಂದಿನ ಜನ್ಮಕ್ಕೆ ನಾ ಈ ಮನೆ ನಾಯಿ ಆಗೇ ಹುಟ್ತೆ ನೋಡು."

"ನಿಂಗೂ ಬೆಂಡು ಕಟ್ತೆ, ಬಾ ವೈಜಯಂತಕ್ಕ."

"ನಂಗೆ ಬೆಂಡು ಸಾಲೂದಿಲ್ಲ. ಡ್ರಮ್ಮೇ ಬೇಕು."

ದೋಣಿಯ ನೆರಳಲ್ಲಿ ಬಲೆ ಹೆಣೆಯುತ್ತಿದ್ದ ವೈಜಯಂತಿಯ ಗಂಡ ಜಟ್ಟಪ್ಪ ನಕ್ಕ. "ನೀ ನಗಾಡು. ಸತ್ತ ಕಾಲಿಗೆ ಜೀವ ತಂದವ್ಳು ನಮ್ ಡಾಕ್ಟ್ರಮ್ಮ. ಕೇಣಿ ಊರು ತುಂಬ ಹೇಳ್ಕಂಡು ಬಂದಿದ್ದೆ ನಾನು."

ಮನಿಷಾ ತಲೆ ಎತ್ತಲಿಲ್ಲ.

ಅದು ೨೦೦೭ರ ಮೇ ತಿಂಗಳು. ಮನಿಷಾ ಬೀದರದ ಪಶುವೈದ್ಯ ಕಾಲೇಜಿನಲ್ಲಿ ಮೂರನೆಯ ವರ್ಷ ಓದುತ್ತಿದ್ದಳು. ಮನೆ ಕೇಣಿಯ ಪಕ್ಕದ ಭಾವಿಕೇರಿಯಲ್ಲಿ. ಅಪ್ಪನದು ಭತ್ತ, ಶೇಂಗಾ ಬೆಳೆಯುವ ಗದ್ದೆ. ವೈಜಯಂತಿ ಆ ಮನೆಗೆ ಮೀನು ತರಲು ಶುರು ಮಾಡಿದಾಗ ಮನಿಷಾ ಇನ್ನೂ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಳು. ಅವಳಿಗೆ ಸೀಟು ಸಿಕ್ಕ ಸುದ್ದಿಯನ್ನು ಸಂತೆಗೆ ಮೊದಲು ಮುಟ್ಟಿಸಿದವಳೂ ವೈಜಯಂತಿಯೇ. ಅಂದಿನಿಂದ ಕೇಣಿಯ ದಂಡೆಯಲ್ಲಿ ಮನಿಷಾ ಡಾಕ್ಟ್ರಮ್ಮನೇ ಆದಳು. ಕಲಿಯುವುದು ಇನ್ನೂ ಬಹಳ ಬಾಕಿಯಿದೆ ಎಂದು ಹೇಳಿದರೆ ಅದನ್ನು ವಿನಯವೆಂದು ತಿಳಿದರು.

ನಾಯಿಯ ಹೆಸರು ತಾಂಡೇಲ. ದೋಣಿ ನಡೆಸುವ ಮುಖ್ಯಸ್ಥನನ್ನು ಅಲ್ಲಿ ಹಾಗೆ ಕರೆಯುತ್ತಾರೆ. ದೋಣಿಯ ಮೂತಿಯ ಮೇಲೆ ನಿಂತು ದಾರಿ ತೋರಿಸುವವನ ಹಾಗೆ ಬೊಗಳುತ್ತಿತ್ತೆಂದು ಜಟ್ಟಪ್ಪನೇ ಇಟ್ಟ ಹೆಸರು. ಹಿಂದಿನ ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ, ಎಲ್ಲರೂ ಹಗ್ಗ ಹಿಡಿದು ದೋಣಿಯನ್ನು ಮರಳಿಗೆ ಎಳೆಯುವಾಗ ಅದು ಓರೆಯಾಗಿ ವಾಲಿತು. ಅದರಡಿ ಸಿಕ್ಕ ನಾಯಿಯನ್ನು ಜಟ್ಟಪ್ಪ ಹಿಂಗಾಲು ಹಿಡಿದು ಎಳೆದು ತೆಗೆದ. ರಕ್ತ ಬಂದಿರಲಿಲ್ಲ. ಆದರೆ ಸೊಂಟದಿಂದ ಹಿಂದಕ್ಕೆ ನಾಯಿ ಒದ್ದೆ ಚೀಲದ ಹಾಗೆ ಬಿದ್ದಿತ್ತು.

ಕಾರವಾರದ ದನದ ಆಸ್ಪತ್ರೆಗೆ ಒಯ್ಯಲೆಂದು ಜಟ್ಟಪ್ಪ ಸತೀಶನ ಟೆಂಪೊ ಕರೆಸಿದ್ದ. ಇಂಜಿನ್ ಶುರುವಿತ್ತು. ಅಷ್ಟರಲ್ಲಿ ಯಾರೋ, ಭಾವಿಕೇರಿಯ ಮನಿಷಾ ರಜೆಗೆ ಬಂದಿದ್ದಾಳೆ, ಅವಳಿಗೊಮ್ಮೆ ತೋರಿಸಿ ಎಂದರು.

ಅವಳು ಬಂದು ಮರಳಲ್ಲಿ ಕುಳಿತಳು. ಸುತ್ತ ಜನ. ನಾಯಿಯ ತಲೆ ಜಟ್ಟಪ್ಪನ ತೊಡೆಯ ಮೇಲಿತ್ತು. ಪುಸ್ತಕದಲ್ಲಿ ಓದಿದ್ದು ಅವಳಿಗೆ ನೆನಪಿತ್ತು: ಹಿಂಗಾಲಿನ ಬೆರಳನ್ನು ಒತ್ತಿದಾಗ ನಾಯಿಗೆ ನೋವು ತಿಳಿಯದಿದ್ದರೆ ಬೆನ್ನುಹುರಿಯ ಆಸೆ ಬಿಡಬೇಕು. ಬೆರಳು ಹಿಡಿದು ಚಿವುಟಿದಳು. ಜಟ್ಟಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಅವನ ಕಣ್ಣೆದುರು ಅವನ ನಾಯಿಗೆ ಇನ್ನಷ್ಟು ನೋವು ಮಾಡಲು ಮನಸ್ಸು ಬರಲಿಲ್ಲ. ಮೆಲ್ಲಗೆ ಚಿವುಟಿದಳು. ನಾಯಿ ತಿರುಗಿ ನೋಡಲಿಲ್ಲ.

"ಕಾರವಾರಕ್ಕೆ ಒಯ್ದು ಉಪಯೋಗ ಇಲ್ಲ ಜಟ್ಟಣ್ಣ," ಎಂದಳು. "ಸುಮ್ನೆ ಅದ್ಕೆ ತ್ರಾಸು."

ಸತೀಶ ಇಂಜಿನ್ ಬಂದ್ ಮಾಡಿದ.

ಚಳಿಗಾಲದಲ್ಲಿ ಅವಳಿಗೆ ಕಾಲೇಜಿನ ಆಸ್ಪತ್ರೆಯ ನಾಯಿ-ಬೆಕ್ಕುಗಳ ವಾರ್ಡಿನಲ್ಲಿ ಡ್ಯೂಟಿ ಬಿತ್ತು. ಗಾಯ ತೊಳೆಯುವುದು, ಮಗ್ಗುಲು ಬದಲಿಸುವುದು, ಬಿದ್ದ ಪ್ರಾಣಿಯನ್ನು ಮತ್ತೆ ನಡೆಸುವ ವ್ಯಾಯಾಮ, ಎಲ್ಲ ವಿದ್ಯಾರ್ಥಿಗಳ ಕೆಲಸ. ಒಂದು ದಿನ ತರಕಾರಿ ವ್ಯಾಪಾರಿಯೊಬ್ಬ ಗಾಡಿಗೆ ಸಿಕ್ಕ ನಾಯಿಯನ್ನು ತಂದ. ವಾರ್ಡಿನಲ್ಲಿ ಕಲಿಸುವ ಮೇಡಂ ವಿದ್ಯಾರ್ಥಿಗಳಿಗೆ ಬೆರಳು ಚಿವುಟಲು ಹೇಳಿದರು. ನಾಯಿ ಅಲುಗಲಿಲ್ಲ. ಆಮೇಲೆ ಅವರು ಚಿಮುಟವನ್ನು ಬೆರಳಿನ ಮೂಳೆಗೆ ಹಿಡಿದು ಬಲವಾಗಿ ಒತ್ತಿದರು. ನಾಯಿ ಕಿರುಚಿ ತಿರುಗಿತು.

"ಕಾಲು ನೋಡಬೇಡಿ, ಮುಖ ನೋಡಿ," ಎಂದರು ಮೇಡಂ. "ಕರುಣೆಯಿಂದ ಚಿವುಟಿದರೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಪೆಟ್ಟಾದ ಮೇಲಿನ ಮೊದಲ ವಾರಗಳು ಹೋದರೆ ಮತ್ತೆ ಬರುವುದಿಲ್ಲ."

ಆ ನಾಯಿಗೆ ದಿನಾ ವ್ಯಾಯಾಮ ಮಾಡಿಸಿದವಳು ಮನಿಷಾ. ಅದು ಓಲಾಡುತ್ತ ವಾರ್ಡಿನ ಬಾಗಿಲು ದಾಟಿದ ದಿನ ಗೆಳತಿಯರು ಚಪ್ಪಾಳೆ ತಟ್ಟಿದರು. ಅವಳು ನಲ್ಲಿಯ ಹತ್ತಿರ ಹೋಗಿ, ತೊಳೆದಿದ್ದ ಬಟ್ಟಲುಗಳನ್ನೇ ಮತ್ತೆ ತೊಳೆಯುತ್ತ ನಿಂತಳು. ಊರಿಗೆ ಫೋನು ಮಾಡಿದಾಗಲೆಲ್ಲ ಅಮ್ಮನ ಹತ್ತಿರ ಮೀನಿನ ವಿಷಯ ಕೇಳಿದಳು, ಮಳೆಯ ವಿಷಯ ಕೇಳಿದಳು. ನಾಯಿಯ ವಿಷಯ ಕೇಳಲಿಲ್ಲ.

ರಜೆಗೆ ಬಂದ ದಿನವೇ ಚಿಮುಟವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕೇಣಿಗೆ ಸೈಕಲ್ ತುಳಿದಳು. ತಾಂಡೇಲ ಗೋಣಿಚೀಲದ ಮೇಲೆ ಮಲಗಿತ್ತು. ಹಿಂಗಾಲುಗಳು ಕಡ್ಡಿಯಾಗಿದ್ದವು. ಎಳೆದು ಎಳೆದು ಪಾದದ ಮೇಲ್ಭಾಗ ಸವೆದು ಹುಣ್ಣಾಗಿತ್ತು. ಅವಳು ಚಿಮುಟ ಒತ್ತಿದಳು. ನಾಯಿ ಕೂಗಿ, ತಿರುಗಿ, ಅವಳ ಕೈಗೆ ಬಾಯಿ ಹಾಕಿತು.

"ಅಯ್ಯೋ, ಗೊತ್ತಾಯ್ತು ಅದ್ಕೆ!" ಜಟ್ಟಪ್ಪ ಎದ್ದೇ ನಿಂತ. "ಏ ವೈಜಯಂತಿ, ಬಾರೇ ಇಲ್ಲಿ! ಮನಿಷಾ ಬಂದು ಕಾಲಿಗೆ ಜೀವ ಬಂತು!"

ಅದು ಈಗ ಬಂದದ್ದಲ್ಲ, ಮೊದಲೇ ಇತ್ತು ಎಂದು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ವೈಜಯಂತಿ ಚಹಾ ತಂದಳು. ಮನಿಷಾ ಚಹಾ ಕುಡಿದಳು. ಮರುದಿನ ಬೆಂಡುಗಳನ್ನು ಕೇಳಿ ಪಡೆದಳು. ಅಂದಿನಿಂದ ಪ್ರತಿ ಭರತಿಗೂ ಅಳಿವೆಯ ನೀರಿಗೆ ಇಳಿದಳು.

ಆ ಬೆಳಿಗ್ಗೆ ವೈಜಯಂತಿ ಬುಟ್ಟಿ ಹೊತ್ತು ಬಸ್ಸಿಗೆ ಹೋದ ಮೇಲೆ ಮನಿಷಾ ನಾಯಿಯನ್ನು ದಂಡೆಗೆ ತಂದು, ಪಟ್ಟಿ ಹಿಡಿದು ನಿಲ್ಲಿಸಿದಳು. ಕೈ ಸಡಿಲಿಸಿದಳು. ತಾಂಡೇಲ ಹಿಂಗಾಲಿನ ಮೇಲೆ ನಿಂತಿತು. ನಡುಗಿತು, ಒಂದು ಅಲೆ ಬಂದು ಹೋಗುವಷ್ಟು ಹೊತ್ತು ನಿಂತೇ ಇತ್ತು, ಆಮೇಲೆ ಕುಸಿಯಿತು.

ಜಟ್ಟಪ್ಪ ಬಲೆ ಬಿಟ್ಟು ಬಂದು ನಾಯಿಯ ಬೆನ್ನಿನ ಮೇಲೆ ಕೈಯಿಟ್ಟ.

"ಒಂದು ಕೇಳ್ತೆ, ಖರೆ ಹೇಳು ತಂಗಿ. ಆ ದಿವ್ಸ ನಾ ಹಿಂಗಾಲು ಹಿಡ್ದು ಎಳೆದ್ನಲ್ಲ. ಬೆನ್ನು ಹೋದದ್ದು ಅದ್ರಿಂದ್ಲೇ ಅಲ್ವಾ? ದೋಣಿ ಎತ್ತಿ ತೆಗೀಬೇಕಿತ್ತು. ಅವತ್ತಿಂದ ನಾ ಹಗ್ಗಕ್ಕೆ ಕೈ ಹಾಕೂದಿಲ್ಲ. ದೋಣಿ ಎಳೂದು ಬಂತು ಅಂದ್ರೆ ದೂರ ನಿಲ್ತೆ. ದೋಣಿಯವ್ರೆಲ್ಲ ನಂಗೆ ಸೋಮಾರಿ ಅಂತ್ರು."

ಮನಿಷಾ ಒದ್ದೆ ಪಟ್ಟಿಯನ್ನು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು.

"ನೀ ಎಳೆದದ್ರಿಂದ ಅಲ್ಲ ಜಟ್ಟಣ್ಣ. ಎಳೆದಾಗ ಬೆನ್ನುಹುರಿ ಹರಿದಿದ್ರೆ ಈಗ ನೋವೇ ಗೊತ್ತಾಗ್ತಿರ್ಲಿಲ್ಲ. ಅವತ್ತೂ ಅದ್ಕೆ ನೋವು ಗೊತ್ತಾಗ್ತಿತ್ತು. ನಾ ಸರಿಯಾಗಿ ನೋಡ್ಲಿಲ್ಲ."

"ನೀ ನೋಡಿದ್ಯಲ್ಲ?"

"ಮೆಲ್ಲಗೆ ಚಿವುಟಿದೆ. ನೀ ನೋಡ್ತಿದ್ದೆ ಅಂತ. ಗಟ್ಟಿಯಾಗಿ ಒತ್ತಬೇಕಿತ್ತು. ಕಾರವಾರಕ್ಕೆ ಒಯ್ದಿದ್ರೆ ಅಲ್ಲಿ ಒತ್ತಿ ನೋಡ್ತಿದ್ರು. ಖಂಡಿತ ನಡೀತಿತ್ತು ಅಂತ ಹೇಳೂಕೆ ನಂಗೆ ಬರೂದಿಲ್ಲ. ಆದ್ರೆ ಆಸೆ ಇತ್ತು. ಈಗ ಮಾಡಿದ್ದನ್ನ ಅವತ್ತೇ ಮಾಡಿದ್ರೆ ಕಾಲು ಹೀಂಗೆ ಬತ್ತೂದಿಲ್ಲಾಗಿತ್ತು."

ಜಟ್ಟಪ್ಪ ಅವಳ ಮುಖ ನೋಡಿದ. ಆಮೇಲೆ ತನ್ನ ಬಲಗೈ ಮುಂದೆ ಚಾಚಿದ. ಹಗ್ಗ, ಉಪ್ಪು ತಿಂದು ದಪ್ಪಗಾದ ಬೆರಳುಗಳು.

"ಹ್ಯಾಂಗೆ ಚಿವುಟಿದ್ದೆ, ತೋರ್ಸು."

ಅವಳು ಅವನ ತೋರುಬೆರಳನ್ನು ಅಂದಿನ ಹಾಗೆಯೇ ಚಿವುಟಿದಳು.

"ಇಷ್ಟೇಯಾ?"

"ಇಷ್ಟೇ."

"ಹ್ಯಾಂಗೆ ಮಾಡ್ಬೇಕಿತ್ತು?"

ಕರವಸ್ತ್ರ ಬಿಚ್ಚಿ ಚಿಮುಟ ತೆಗೆದು, ಅದೇ ಬೆರಳಿನ ಮೂಳೆಗೆ ಹಿಡಿದು ಒತ್ತಿದಳು. ಜಟ್ಟಪ್ಪ ಕೊಂಕಣಿಯಲ್ಲಿ ಒಂದು ಬೈಗುಳ ಬೈದು ಕೈ ಎಳೆದುಕೊಂಡ. ಬೆರಳನ್ನು ಬಾಯಿಗಿಟ್ಟು, ಸಮುದ್ರದ ಕಡೆ ತಿರುಗಿ ನಿಂತ.

"ನಾನೇ ಅಂತ ತಿಳ್ಕಂಡಿದ್ದೆ," ಎಂದ. ಬೆರಳನ್ನು ಲುಂಗಿಗೆ ಒರೆಸಿಕೊಂಡು, "ಬಂದ ದಿವ್ಸನೇ ಹೇಳ್ಬೇಕಿತ್ತು ನೀನು," ಎಂದ.

"ಹೌದು."

ನಾಯಿಯನ್ನು ಹೆಗಲಿಗೆ ಹಾಕಿಕೊಂಡು ಅವನು ಮನೆಗೆ ಹೋದ. ಬೆಂಡುಗಳು ಮರಳ ಮೇಲೇ ಉಳಿದವು. ಮರುದಿನ ವೈಜಯಂತಿ ಭಾವಿಕೇರಿಯ ಮನೆಯ ಮುಂದೆ ಮೀನಿನ ಕೂಗು ಹಾಕದೆ ದಾಟಿ ಹೋದಳು. ಅವಳಿಗೆ ಮೈ ಹುಷಾರಿಲ್ಲವೇನೋ ಎಂದಳು ಅಮ್ಮ. ಮನಿಷಾ ಅಳಿವೆಗೆ ಹೋದಳು. ಭರತಿ ಏರಿ ಇಳಿಯುವವರೆಗೆ ಕಾದಳು. ಯಾರೂ ಬರಲಿಲ್ಲ.

ಅದರ ಮರುದಿನ ಜಟ್ಟಪ್ಪ ನಾಯಿಯೊಂದಿಗೆ ಅವಳಿಗಿಂತ ಮೊದಲೇ ನೀರಿನಲ್ಲಿದ್ದ. ಪಟ್ಟಿ ಕಟ್ಟಿದ್ದು ತಪ್ಪಾಗಿತ್ತು.

"ಮಳೆ ಹಿಡಿದ್ಮೇಲೆ ನೀ ಇರೂದಿಲ್ಲ," ಎಂದ, ಅವಳ ಕಡೆ ನೋಡದೆ. "ನಂಗೆ ಕಲ್ಸು."

ಅವಳು ಪಟ್ಟಿಯ ಗಂಟು ಬಿಚ್ಚಿ ಸರಿಯಾಗಿ ಕಟ್ಟಿದಳು. ಕಾಲನ್ನು ಎಲ್ಲಿ ಹಿಡಿಯಬೇಕು, ಎಷ್ಟು ಮಡಚಬೇಕು, ನಾಯಿ ಬೇಡವೆಂದರೆ ಎಲ್ಲಿ ನಿಲ್ಲಿಸಬೇಕು, ಎಲ್ಲ ತೋರಿಸಿದಳು. ಮೊದಲ ಸಲ ಅವನು ತೀರ ಮೆಲ್ಲಗೆ ಹಿಡಿದ. ಅವಳು ಅವನ ಕೈಯ ಮೇಲೆ ಕೈಯಿಟ್ಟು ಬಿಗಿ ಮಾಡಿಸಿದಳು.

ಮುಂದಿನ ಸೋಮವಾರ ಮನಿಷಾ ಬೀದರಕ್ಕೆ ಮರಳಲು ಅಂಕೋಲೆಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದಳು. ಅದೇ ಬೆಳಿಗ್ಗೆ ಜಟ್ಟಪ್ಪ ತಾಂಡೇಲನನ್ನು ಸತೀಶನ ಟೆಂಪೊದಲ್ಲಿ ಕಾರವಾರದ ದನದ ಡಾಕ್ಟರ ಹತ್ತಿರ ಒಯ್ದ.